ಕನ್ನಡ ವಿಶ್ವಕೋಶ: ಮಾನಸಗಂಗೋತ್ರಿಯಿಂದ ಅಂತರಜಾಲಕ್ಕೆ

ಕನ್ನಡ ವಿಶ್ವಕೋಶವು ಮೈಸೂರು ವಿಶ್ವವಿದ್ಯಾನಿಲಯ ಹೊರತಂದ 14 ಸಂಪುಟಗಳ ಆಕರ ಗ್ರಂಥ. ಅಚ್ಚಿನ ಪುಸ್ತಕವಾಗಿ ಹುಟ್ಟಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಪಠ್ಯವಾಗಿ ಅಂತರಜಾಲ ಸೇರಿದ್ದು ಇದರ ವಿಶೇಷ.

ಇದಕ್ಕೂ ಮೊದಲು ಕನ್ನಡದಲ್ಲಿ ಇಂಥ ಕೆಲಸ ಒಂಟಿ ಸಾಹಸವಾಗಿತ್ತು. ಸಾಹಿತಿ ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಮೈಸೂರಿನಲ್ಲಿ ಅದು ಹಲವರ ಕೆಲಸವಾಯಿತು. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ದೇ. ಜವರೇಗೌಡ, ಹಾ. ಮಾ. ನಾಯಕ ಮೊದಲಾದವರ ಮುತುವರ್ಜಿಯಲ್ಲಿ ಬೇರೆ ಬೇರೆ ಶಾಸ್ತ್ರಗಳ ತಜ್ಞರಿಂದ ಲೇಖನ ಬರೆಸಲಾಯಿತು. ಮೊದಲ ಸಂಪುಟ 1969ರಲ್ಲಿ ಬಂತು, ಹದಿನಾಲ್ಕನೆಯದು 2004ರಲ್ಲಿ.

ಈ 35 ವರ್ಷಗಳ ಅಂತರವೇ ಅಚ್ಚಿನ ವಿಶ್ವಕೋಶದ ದೊಡ್ಡ ತೊಡಕು. ಲೇಖನಗಳು ಅಕಾರಾದಿಯಲ್ಲಿದ್ದುದರಿಂದ ‘ಹ’ಕಾರ ಅಚ್ಚಾಗುವ ಹೊತ್ತಿಗೆ ‘ಅ’ಕಾರದ ಜನಸಂಖ್ಯೆ, ಗಡಿ, ವಿಜ್ಞಾನ ಎಲ್ಲವೂ ಹಳತಾಗಿದ್ದವು. ದಪ್ಪ ಸಂಪುಟಗಳು ಗ್ರಂಥಾಲಯದ ಕಪಾಟು ಬಿಟ್ಟು ಮನೆಗಳಿಗೆ ಬಂದದ್ದೂ ಕಡಿಮೆಯೇ.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಮೊದಲಾದ ವಿಕಿಪೀಡಿಯದ ಕನ್ನಡ ಆವೃತ್ತಿ 2003ರಲ್ಲಿ ಶುರುವಾಯಿತು. ಇಲ್ಲಿ ಅಕಾರಾದಿಯ ಸರದಿ ಕಾಯಬೇಕಿಲ್ಲ; ಬರೆಯಲು ಸಂಪಾದಕರ ಆಹ್ವಾನವೂ ಬೇಡ. ಆದರೆ ಸಂಬಳವಿಲ್ಲದ ಬೆರಳೆಣಿಕೆಯ ಉತ್ಸಾಹಿಗಳನ್ನೇ ನೆಚ್ಚಿಕೊಂಡ ಕೆಲಸ ಅದು. ಲೇಖನಗಳು ತೆಳುವಾಗಿದ್ದವು, ತಜ್ಞರ ಬರಹದ ಕೊರತೆ ಎದ್ದು ಕಾಣುತ್ತಿತ್ತು.

2014ರಲ್ಲಿ ವಿಶ್ವವಿದ್ಯಾನಿಲಯವು ವಿಶ್ವಕೋಶದ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆ ಇದಕ್ಕೆ ಕೈಜೋಡಿಸಿತ್ತು. ಪರವಾನಗಿಯ ಷರತ್ತು ಎರಡೇ: ಮೂಲದ ಹೆಸರು ಹೇಳಬೇಕು, ತಿದ್ದಿ ಹಂಚಿದರೆ ಅದನ್ನೂ ಇದೇ ಪರವಾನಗಿಯಲ್ಲಿ ಬಿಟ್ಟುಕೊಡಬೇಕು. ಮಾರಾಟಕ್ಕೂ ಅಡ್ಡಿಯಿಲ್ಲ. ತೆರಿಗೆದಾರರ ಹಣದಲ್ಲಿ ಸಿದ್ಧವಾದ ಗ್ರಂಥಕ್ಕೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಕಷ್ಟ. 

ಪಠ್ಯಕ್ಕೆ ಎರಡು ನೆಲೆ ಸಿಕ್ಕಿತು. ವಿಕಿಪೀಡಿಯದ ಸೋದರ ತಾಣ, ಮೂಲ ಗ್ರಂಥಗಳ ಸಂಗ್ರಹವಾದ ವಿಕಿಸೋರ್ಸ್‌ನಲ್ಲಿ ಅದು ಮೂಲದಲ್ಲಿದ್ದಂತೆಯೇ ಉಳಿಯುತ್ತದೆ. ವಿಕಿಪೀಡಿಯಕ್ಕೆ ಬಂದ ಲೇಖನವನ್ನು ಯಾರಾದರೂ ಇಂದಿನ ಕಾಲಕ್ಕೆ ಹೊಂದಿಸಬಹುದು. ಹಾಗೆ ಹೊಂದಿಸದೆ ಬಿಟ್ಟ ಲೇಖನಗಳೂ ಇವೆ. ಅರ್ಧ ಶತಮಾನದ ಹಿಂದಿನ ಪ್ರಾಧ್ಯಾಪಕರ ಗಂಭೀರ ಕನ್ನಡ, ಆಗಿನದೇ ಅಂಕಿಅಂಶಗಳು ಅಲ್ಲಿ ಈಗಲೂ ಎದುರಾಗುತ್ತವೆ. ಮೇಲ್ತುದಿಯಲ್ಲಿ ಮಾತ್ರ ‘ಸಂಪಾದಿಸಿ’ ಎಂಬ ಗುಂಡಿ.