ಅಂಗನವಾಡಿ: ಆರೈಕೆಯೂ ಕಲಿಕೆಯೂ

ಆರು ವರ್ಷದೊಳಗಿನ ಮಕ್ಕಳಿಗೆ ಅವರ ಊರಲ್ಲೇ, ಕೇರಿಯಲ್ಲೇ ಆರೈಕೆ, ಪೌಷ್ಟಿಕ ಆಹಾರ ಮತ್ತು ಶಾಲಾಪೂರ್ವ ಶಿಕ್ಷಣ ಒದಗಿಸುವ ಕೇಂದ್ರ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಇದು ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಹಾಗಿದ್ದೂ ಅಂಗನವಾಡಿ ಎಂದರೆ ಮಕ್ಕಳಿಗೆ ಊಟ ಹಾಕಿ ಮಲಗಿಸುವ ಜಾಗ ಎಂದುಕೊಂಡವರೇ ಹೆಚ್ಚು. ಅಲ್ಲಿ ಕಲಿಕೆ ಎಷ್ಟರಮಟ್ಟಿಗೆ ನಡೆಯುತ್ತದೆ, ಅದನ್ನು ಹೇಗೆ ಗುರುತಿಸಬೇಕು ಎಂದು ಕೇಳುವವರು ಕಡಿಮೆ.

ಬೋರ್ಡಿಯ ಪ್ರಯೋಗ

ಸರ್ಕಾರಿ ಯೋಜನೆಗಿಂತ ಮೂವತ್ತು ವರ್ಷ ಮೊದಲೇ ಅಂಗನವಾಡಿಯ ಬೇರು ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಯಲ್ಲಿ ಇಳಿದಿತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅವರಿಗೆ ಮಾಂಟೆಸೊರಿ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಅದರ ಸಲಕರಣೆಗಳು ಬಡವರ ಕೈಗೆಟುಕುವಂಥವಲ್ಲ ಎಂಬುದೂ ಗೊತ್ತಿತ್ತು. 1945ರಲ್ಲಿ ಅವರು ಅನುತಾಯಿ ವಾಘ್ ಅವರನ್ನು ಜೊತೆ ಮಾಡಿಕೊಂಡು ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ಆರಂಭಿಸಿದರು. ಬಾಲ್ಯದಲ್ಲೇ ವಿಧವೆಯಾಗಿ, ಆಮೇಲೆ ಓದಿ ಶಿಕ್ಷಕಿಯಾಗಿದ್ದವರು ಅನುತಾಯಿ.

ಕೇಂದ್ರದ ಬಾಲವಾಡಿ ಇತ್ತು, ಆದರೆ ಬಡ ಕೇರಿಗಳ ಮಕ್ಕಳು ಅಲ್ಲಿಗೆ ಬರುತ್ತಿರಲಿಲ್ಲ. ಅಪ್ಪ ಅಮ್ಮ ಕೂಲಿಗೆ ಹೋದರೆ ಪುಟ್ಟ ಮಗುವನ್ನು ಕರೆತರುವವರು ಯಾರು? ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂದು ತಾರಾಬಾಯಿ ತೀರ್ಮಾನಿಸಿದರು. ಕೇರಿಯ ಅಂಗಳದಲ್ಲೇ ಮಕ್ಕಳನ್ನು ಸೇರಿಸಿ ನಡೆಸಿದ ಈ ಶಾಲೆಗೆ ಅಂಗನವಾಡಿ ಎಂಬ ಹೆಸರು ಬಂತು. ಮಕ್ಕಳ ಮೈ ತೊಳೆಯುವುದು, ತಲೆ ಬಾಚುವುದು, ಉಗುರು ತೆಗೆಯುವುದು ದಿನದ ಮೊದಲ ಪಾಠ. ಬೀಜ, ಕಲ್ಲು, ಎಲೆ, ಚಿಪ್ಪುಗಳೇ ಕಲಿಕೆಯ ಸಾಮಗ್ರಿ. 1950ರ ದಶಕದ ಉತ್ತರಾರ್ಧದಲ್ಲಿ ಕೆಲಸ ಕೋಸಬಾಡ್ ಬೆಟ್ಟಕ್ಕೆ ಸಾಗಿ, ವಾರ್ಲಿ ಆದಿವಾಸಿಗಳ ನಡುವೆ ಮುಂದುವರಿಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದ್ದೂ ಉಂಟು. ತಾರಾಬಾಯಿ ಅವರಿಗೆ 1962ರಲ್ಲಿ ಪದ್ಮಭೂಷಣ ಸಂದಿತು.

ತೂಕ, ಊಟ, ಚುಚ್ಚುಮದ್ದು

ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದರೆ ಆಸ್ಪತ್ರೆಗೆ ಕಳಿಸುವುದು: ಇಂದಿನ ಸರ್ಕಾರಿ ಅಂಗನವಾಡಿಗೆ ವಹಿಸಿರುವ ಆರು ಸೇವೆಗಳು ಇವು. ಕೊನೆಯ ಮೂರು ಆರೋಗ್ಯ ಇಲಾಖೆಯ ಜೊತೆ ಸೇರಿ ನಡೆಯುತ್ತವೆ. 2013ರ ಆಹಾರ ಭದ್ರತಾ ಕಾಯ್ದೆ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದು ಅಳತೆ ಹಾಕಿತು. ಅದೇ ವರ್ಷ ಕ್ಷೀರಭಾಗ್ಯ ಯೋಜನೆ ಬಂದು ಕರ್ನಾಟಕದ ಅಂಗನವಾಡಿಗಳಲ್ಲಿ ಹಾಲೂ ಸೇರಿಕೊಂಡಿತು. ಮೊಟ್ಟೆಯೂ ಉಂಟು.

ಇವೆಲ್ಲ ಲೆಕ್ಕಕ್ಕೆ ಸಿಗುವ ಸಂಗತಿಗಳಾದ್ದರಿಂದ ತಪಾಸಣೆಗೆ ಬಂದ ಮೇಲ್ವಿಚಾರಕಿ ಮೊದಲು ನೋಡುವುದೂ ಇವನ್ನೇ. ಆರೈಕೆಯ ಇನ್ನೊಂದು ಮುಖ ಯಾವ ರಿಜಿಸ್ಟರಿಗೂ ಏರುವುದಿಲ್ಲ. ಅಳುತ್ತ ಬಂದ ಮಗುವನ್ನು ಎತ್ತಿಕೊಳ್ಳುವವರು ಯಾರು, ಚಡ್ಡಿ ಒದ್ದೆ ಮಾಡಿಕೊಂಡವನಿಗೆ ಗದರಿಕೆ ಸಿಗುತ್ತದೋ ಬೇರೆ ಚಡ್ಡಿ ಸಿಗುತ್ತದೋ, ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೋ ಎಂಬುದೆಲ್ಲ ಅಲ್ಲಿಗೆ ಹೋಗಿ ಅರ್ಧ ಗಂಟೆ ಕೂತರೆ ತಿಳಿಯುತ್ತದೆ.

ಆಟದೊಳಗಿನ ಪಾಠ

ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಅವರೆಕಾಳು, ನಾಲ್ಕು ತೆಂಗಿನ ಚಿಪ್ಪು. ಮಗು ಬೀಜವನ್ನು ಒಂದು ಚಿಪ್ಪಿಗೆ, ಕಾಳನ್ನು ಇನ್ನೊಂದಕ್ಕೆ ಹಾಕುತ್ತ ಬೇರೆ ಮಾಡುತ್ತದೆ. ನೋಡಿದರೆ ಬರೀ ಆಟ, ಆದರೆ ಗುಂಪು ಮಾಡುವುದು, ಹೆಚ್ಚು ಕಡಿಮೆ ತಿಳಿಯುವುದು, ಎರಡು ಬೆರಳಲ್ಲಿ ಚಿಕ್ಕದನ್ನು ಹಿಡಿಯುವುದು ಎಲ್ಲವೂ ಅದರೊಳಗಿವೆ. ಮುಂದೆ ಪೆನ್ಸಿಲ್ ಹಿಡಿಯುವುದೂ ಆ ಎರಡು ಬೆರಳೇ. ಟೀಚರ್ ಪಕ್ಕದಲ್ಲಿ ಕೂತು, 'ಯಾವುದು ಜಾಸ್ತಿ ಐತೆ ಪುಟ್ಟಾ?' ಎಂದು ಕೇಳುತ್ತಾರೆ. ಮಗು ಒಂದನ್ನು ತೋರಿಸುತ್ತದೆ. 'ಹೆಂಗೆ ಗೊತ್ತಾಯ್ತು?' ಎಂಬ ಎರಡನೇ ಪ್ರಶ್ನೆಗೆ ಉತ್ತರ ಕೊಡಲು ಅದು ಯೋಚಿಸಬೇಕು, ಯೋಚಿಸಿದ್ದನ್ನು ಮಾತಿಗೆ ತರಬೇಕು. ಒಳ್ಳೆಯ ಅಂಗನವಾಡಿಯಲ್ಲಿ ಈ ಎರಡನೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ.

ಇಂಗ್ಲೆಂಡಿನಲ್ಲಿ 1997ರಿಂದ ಸುಮಾರು 3,000 ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತ ಹೋದ ಅಧ್ಯಯನವೊಂದು ಇದನ್ನೇ ಕಂಡುಕೊಂಡಿತು. ದೊಡ್ಡವರೂ ಮಗುವೂ ಒಂದೇ ವಿಷಯದ ಬಗ್ಗೆ ಕೂಡಿ ಯೋಚಿಸಿ ಮಾತು ಬೆಳೆಸುವ ಕಡೆ, ಆರೈಕೆ ಮತ್ತು ಕಲಿಕೆಯನ್ನು ಬೇರೆ ಮಾಡದ ಕಡೆ ಮಕ್ಕಳು ಮುಂದೆ ಬಂದಿದ್ದರು.

ಅಂಗನವಾಡಿ ಟೀಚರ್ ಅದೇ ಊರಿನವರಾಗಿರಬೇಕು ಎಂಬ ನಿಯಮದ ನಿಜವಾದ ಲಾಭ ಇಲ್ಲಿದೆ. ಕಲಬುರಗಿಯ ಮಗುವಿಗೆ ಕಲಬುರಗಿಯ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಮನೆಯಲ್ಲಿ ತುಳುವೋ ಲಂಬಾಣಿಯೋ ಆಡುವ ಮಗುವಿನ ಮಾತೂ ಟೀಚರಿಗೆ ತಿಳಿಯುವ ಸಾಧ್ಯತೆ ಹೆಚ್ಚು. ದುಬಾರಿ ಶುಲ್ಕದ ನರ್ಸರಿಗಳಲ್ಲಿ ಈ ಸೌಲಭ್ಯ ಸಿಗುವುದು ಅಪರೂಪ.

ರಾಜ್ಯದಲ್ಲಿ 'ಚಿಲಿಪಿಲಿ' ಎಂಬ ಚಟುವಟಿಕೆ ಪುಸ್ತಕ ಬಳಕೆಯಲ್ಲಿದೆ. ಕೇಂದ್ರ ಸರ್ಕಾರ 2024ರಲ್ಲಿ 'ಆಧಾರಶಿಲಾ' ಎಂಬ 48 ವಾರಗಳ ಪಠ್ಯಕ್ರಮ ತಂದಿದೆ. ಎರಡೂ ಒತ್ತು ಕೊಡುವುದು ಆಟಕ್ಕೆ. ತಂದೆ ತಾಯಿಯರ ಒತ್ತಾಯವೇ ಬೇರೆ: ಪಕ್ಕದ ಮನೆಯ ಮಗು ಎಲ್‌ಕೆಜಿಯಲ್ಲಿ ಎಬಿಸಿಡಿ ಬರೆಯುತ್ತದೆ, ನಮ್ಮದು ಬರೆಯುವುದಿಲ್ಲ! ಮೂರು ವರ್ಷದ ಕೂಸಿನ ಬೆರಳಿಗೆ ಬರವಣಿಗೆಯ ಹಿಡಿತ ಬಂದಿರುವುದಿಲ್ಲ. ಅದರ ಕೈಗೆ ಕಾಪಿ ಪುಸ್ತಕ ಕೊಡುವುದರಿಂದ ಸಮಾಧಾನ ಸಿಗುವುದು ದೊಡ್ಡವರಿಗೆ ಮಾತ್ರ.

ಮಾನದಂಡಗಳು

ಎಳೆಯ ಮಕ್ಕಳ ಆರೈಕೆ ಮತ್ತು ಶಿಕ್ಷಣ ಕುರಿತ 2013ರ ರಾಷ್ಟ್ರೀಯ ನೀತಿಯ ಪ್ರಕಾರ ನೋಡಿಕೊಳ್ಳಲು ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಅದಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ಇರಬೇಕು. 30 ಮಕ್ಕಳಿಗೆ 35 ಚದರ ಮೀಟರ್ ಒಳಜಾಗ, 30 ಚದರ ಮೀಟರ್ ಹೊರಜಾಗ ಬೇಕು. ಬಾಡಿಗೆ ಕೋಣೆಯಲ್ಲಿ ನಡೆಯುವ ನಗರದ ಅಂಗನವಾಡಿಗೆ ಹೊರಜಾಗ ಎಂದರೆ ರಸ್ತೆಯೇ.

ಟೀಚರ್ ಸಮಯ

ಅಂಗನವಾಡಿಯಲ್ಲಿ ಇರುವುದು ಟೀಚರ್ ಎನಿಸಿಕೊಳ್ಳುವ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅಡುಗೆ ಸಹಾಯಕಿಯ ಪಾಲಿಗೆ ಹೋದರೆ ಮಕ್ಕಳ ಜೊತೆ ಉಳಿಯುವವರು ಕಾರ್ಯಕರ್ತೆ ಮಾತ್ರ. ಗರ್ಭಿಣಿಯರ ಮನೆಭೇಟಿ, ಬೇರೆ ಬೇರೆ ಸಮೀಕ್ಷೆ, ಚುನಾವಣೆಯ ಕೆಲಸ, 2021ರಿಂದ ಮೊಬೈಲಿನಲ್ಲಿ ತುಂಬಬೇಕಾದ ಪೋಷಣ್ ಟ್ರ್ಯಾಕರ್ ಆ್ಯಪ್ ಎಲ್ಲ ಬೀಳುವುದು ಅವರ ತಲೆಗೇ. ನೆಟ್‌ವರ್ಕ್ ಸಿಗದ ಊರಲ್ಲಿ ಫೋನು ಹಿಡಿದು ನಿಂತ ಟೀಚರಿಗೆ ಹುಣಸೆ ಬೀಜದ ಪ್ರಶ್ನೆ ಕೇಳಲು ಪುರುಸೊತ್ತೆಲ್ಲಿ? ಇಷ್ಟಾಗಿಯೂ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರು ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆ ಶುರುವಾಗಿ 46 ವರ್ಷ ಕಳೆದ ಮೇಲೆ. ಕಲಿಕೆಯ ಗುಣಮಟ್ಟ ಕುಸಿದಿದೆ ಎಂದು ದೂರುವ ಮೊದಲು ಟೀಚರ ದಿನಚರಿಯನ್ನು ಹಗುರ ಮಾಡಬೇಕು. ಪುಸ್ತಕ, ತರಬೇತಿ, ಹೊಸ ಹೆಸರುಗಳ ಯೋಜನೆಗಳು ಆಮೇಲಿನ ಮಾತು.

ಊರಿನ ಪಾಲು

ಕರ್ನಾಟಕದ ಅಂಗನವಾಡಿಗಳಿಗೆ ಬಾಲವಿಕಾಸ ಸಮಿತಿ ಎಂಬ ಊರ ಸಮಿತಿಯಿದ್ದು, ಮಕ್ಕಳ ತಾಯಂದಿರೂ ಅದರಲ್ಲಿರುತ್ತಾರೆ. ಆಹಾರದ ದಾಸ್ತಾನು, ಕಟ್ಟಡದ ಸ್ಥಿತಿ, ಟೀಚರ ಹಾಜರಿ ಇವುಗಳ ಬಗ್ಗೆ ಕೇಳುವ ಅವಕಾಶ ಅಲ್ಲಿದೆ. ಆದರೆ ಸಭೆ ಎಂದರೆ ಪುಸ್ತಕಕ್ಕೆ ಸಹಿ ಹಾಕಿ ಎದ್ದುಹೋಗುವುದು ಎಂಬಂತಾಗಿರುವ ಊರುಗಳೇನು ಕಡಿಮೆಯಿಲ್ಲ. ನಿಮ್ಮ ಮಗುವೋ ಮೊಮ್ಮಗುವೋ ಅಂಗನವಾಡಿಗೆ ಹೋಗುತ್ತಿದ್ದರೆ ಮುಂದಿನ ಸಭೆಗೆ ಹೋಗಿ. 'ಏನು ಬರೆಸಿದ್ರಿ?' ಎಂದು ಕೇಳಬೇಡಿ. ಈ ವಾರ ಮಕ್ಕಳಿಗೆ ಯಾವ ಕಥೆ ಹೇಳಿದಿರಿ, ಅವರು ಏನೇನು ಪ್ರಶ್ನೆ ಕೇಳಿದರು ಎಂದು ಟೀಚರನ್ನು ವಿಚಾರಿಸಿ.