ವಿಜಯಪುರದ ತೋಪುಗಳು: ಮದ್ದು, ಗುಂಡು, ಗುರಿ

ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರದ ಕೋಟೆ ಬುರುಜುಗಳ ಮೇಲೆ ಉಳಿದುಬಂದಿರುವ ಭಾರಿ ಫಿರಂಗಿಗಳಲ್ಲಿ ಮಲಿಕ್-ಎ-ಮೈದಾನ್, ಉಪ್ಪಲಿ ಬುರುಜಿನ ಜೋಡಿ ತೋಪು ಮತ್ತು ಲಂಡಾ ಕಸಾಬ್ ಹೆಸರಾದವು. ಇವು ಬಾಯಿಯಿಂದ ಮದ್ದು ತುಂಬುವ ತೋಪುಗಳು. ಪ್ರತಿ ಈಡಿಗೂ ಮದ್ದನ್ನು ಅಳೆದು ಸುರಿದು, ಗಜದಿಂದ ಗಿಡಿದು, ಗುಂಡು ಕೂರಿಸಿ, ಕಿವಿಗೆ, ಅಂದರೆ ಹಿಂಬದಿಯ ತೂತಿಗೆ, ರಂಜಕದ ಪುಡಿಮದ್ದು ಹಾಕಿ ಬತ್ತಿ ತಾಗಿಸಬೇಕಿತ್ತು. ಹಾಗಾಗಿ ಗುರಿ ತಾಗುವುದರಲ್ಲಿ ತೋಪು ಹಾರಿಸುವ ಗೋಲಂದಾಜನ ಕಣ್ಣಿಗಿಂತ ಮದ್ದು ತುಂಬುವವನ ಕೈಯ ಪಾಲೇ ಹೆಚ್ಚು.

ದಖ್ಖನಿನಲ್ಲಿ ಗುರಿಯ ಬೆಲೆ ಎದ್ದು ಕಂಡದ್ದು 1520ರ ರಾಯಚೂರು ಯುದ್ಧದಲ್ಲಿ. ಇಸ್ಮಾಯಿಲ್ ಆದಿಲ್‌ಶಾಹನ ಬಳಿ ತೋಪುಗಳು ಬೇಕಾದಷ್ಟಿದ್ದವು. ಅವನ್ನು ಒಟ್ಟಿಗೇ ಹಾರಿಸಿದಾಗ ಕೃಷ್ಣದೇವರಾಯನ ಮುಂಚೂಣಿ ಚೆದುರಿತು. ಮತ್ತೆ ತುಂಬಿ ಹಾರಿಸುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ರಾಯನ ಪಡೆ ತಿರುಗಿಬಿದ್ದು ಗೆದ್ದಿತು. ಆಮೇಲೆ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಜೊತೆಗಾರರೂ ಗೋಡೆಯ ಮೇಲೆ ತಲೆಯೆತ್ತಿದವರನ್ನು ಬಂದೂಕಿನಿಂದ ಒಬ್ಬೊಬ್ಬರನ್ನಾಗಿ ಹೊಡೆದು ಕೆಡವಿದರು. ಕಾವಲಿನವರು ಹಿಂದೆ ಸರಿದರು, ಕೆಳಗಿದ್ದವರು ಗೋಡೆಯ ಕಲ್ಲು ಕೀಳತೊಡಗಿದರು. ಪೋರ್ಚುಗೀಸ್ ಬರಹಗಾರ ನೂನಿಜ್ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ, ಬುರ್ಹಾನ್ ನಿಜಾಮ್‌ಶಾಹನಿಗಾಗಿ ಎರಕಗೊಂಡ ತೋಪು. ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅವನ ಹೆಸರು ತೋಪಿನ ಮೇಲೆಯೇ ಇದೆ. ಉದ್ದ ಸುಮಾರು 4.45 ಮೀಟರ್, ಒಳನಳಿಗೆಯ ಅಗಲ ಸುಮಾರು 70 ಸೆಂ.ಮೀ., ತೂಕ 55 ಟನ್‌ ಎಂಬ ಅಂದಾಜು. ಬಾಯಿಯನ್ನು ಆನೆಯನ್ನು ಕಚ್ಚಿ ನುಂಗುತ್ತಿರುವ ಸಿಂಹದ ತಲೆಯಾಗಿ ರೂಪಿಸಿದ್ದಾರೆ. ಲೋಹದಲ್ಲಿ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಇದು ಗಂಟೆಗೆ ಬಳಸುವ ಕಂಚಿನ ಪ್ರಮಾಣ. ಸಾಮಾನ್ಯ ತೋಪಿನ ಕಂಚಿನಲ್ಲಿ ತವರ ಇದರ ಅರ್ಧದಷ್ಟೇ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ತೋಪು ಈಗಲೂ ಗಂಟೆಯಂತೆ ನುಡಿಯುತ್ತದೆ.

1565ರ ಜನವರಿ 23ರಂದು ನಡೆದ ತಾಳಿಕೋಟೆ ಯುದ್ಧದಲ್ಲಿ ಅಹಮದ್‌ನಗರದ ತೋಪುಗಳ ಹೊಣೆ ಹೊತ್ತಿದ್ದವನು ಚಲಬಿ ರೂಮಿ ಖಾನ್. ವಿಜಯನಗರದ ಪಡೆ ತೀರಾ ಹತ್ತಿರ ಬಂದಾಗ ಅವನು ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿಸಿ ಹಾರಿಸಿದನೆಂದು ಫೆರಿಶ್ತಾ ಬರೆದಿದ್ದಾನೆ. ದೂರಕ್ಕೆ ಒಂದು ಗುಂಡು, ಹತ್ತಿರಕ್ಕೆ ಚೆದುರುವ ಚೂರುಗಳು. ಯಾವ ದೂರಕ್ಕೆ ಏನನ್ನು ತುಂಬಬೇಕೆಂಬ ತಿಳಿವಳಿಕೆ ಆಗಲೇ ಬಲಿತಿತ್ತು ಎನ್ನಲು ಇಷ್ಟು ಸಾಕು.

ಉಪ್ಪಲಿ ಬುರುಜನ್ನು 1584ರಲ್ಲಿ ಕಟ್ಟಿಸಿದವನು ಹೈದರ್ ಖಾನ್. ಎತ್ತರ ಸುಮಾರು 24 ಮೀಟರ್. ಹೊರಗಿನ ಸುತ್ತು ಮೆಟ್ಟಿಲು ಹತ್ತಿ ಮೇಲೆ ಹೋದರೆ ಊರೆಲ್ಲ ಕಣ್ಣ ಕೆಳಗೆ. ಅಲ್ಲಿರುವ ದೊಡ್ಡ ತೋಪು 9 ಮೀಟರಿಗೂ ಉದ್ದ, ಒಳನಳಿಗೆ ಬರೀ 30 ಸೆಂ.ಮೀ. ಆಸುಪಾಸು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಯಿಸಿದ ಬಳೆಗಳನ್ನು ಮೇಲೆ ತೊಡಿಸಿ ಬಿಗಿದ ನಳಿಗೆ ಅದು. ಪೀಪಾಯಿಗೆ ಪಟ್ಟಿ ಕಟ್ಟಿದಂತೆ. ಮಲಿಕ್-ಎ-ಮೈದಾನಿನ ಉದ್ದ ಅದರ ನಳಿಗೆಯ ಅಗಲದ ಆರು ಪಟ್ಟಿಗಿಂತ ತುಸು ಹೆಚ್ಚು, ಇದರದು ಸುಮಾರು ಮೂವತ್ತು ಪಟ್ಟು. ನಳಿಗೆ ಉದ್ದವಾದಷ್ಟೂ ನಿಧಾನವಾಗಿ ಉರಿಯುವ ಕರಿಮದ್ದು ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ. ಆದರೆ ಉದ್ದ ನಳಿಗೆ ದೂರವನ್ನು ಕೊಟ್ಟಷ್ಟು ಸುಲಭವಾಗಿ ಗುರಿಯನ್ನು ಕೊಡುವುದಿಲ್ಲ.

ಗುರಿ ಕೆಡುವುದು ಮುಖ್ಯವಾಗಿ ಗುಂಡಿಗೂ ನಳಿಗೆಗೂ ನಡುವೆ ಉಳಿಯುವ ಸಂದಿನಿಂದ. ಉಳಿಯಿಂದ ಕೆತ್ತಿದ ಕಲ್ಲಿನ ಗುಂಡು ಪೂರ್ತಿ ದುಂಡಗಿರುವುದಿಲ್ಲ. ಸಿಕ್ಕಿಕೊಳ್ಳದಿರಲೆಂದು ಅದನ್ನು ತುಸು ಸಣ್ಣದಾಗಿಯೇ ಕೆತ್ತಬೇಕು. ಆ ಸಂದಿನಿಂದ ಹೊಗೆಯ ಒತ್ತಡ ಸೋರುತ್ತದೆ. ಗುಂಡು ಒಳಗೇ ಅತ್ತಿತ್ತ ಬಡಿಯುತ್ತ ಬಂದು, ಕೊನೆಯ ಬಡಿತ ಯಾವ ಕಡೆಗೋ ಆ ಕಡೆಗೆ ವಾಲಿ ಹೊರಬೀಳುತ್ತದೆ. ಮದ್ದಿನ ತೊಡಕು ಬೇರೆ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಒಣಪುಡಿ ಬಂಡಿಯ ಕುಲುಕಾಟಕ್ಕೆ ಬೇರೆಬೇರೆಯಾಗಿ ಕೆಳಗಿಳಿಯುತ್ತಿತ್ತು, ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತಿತ್ತು. ಒಂದು ಈಡಿನ ಬಲ ಇನ್ನೊಂದಕ್ಕೆ ಇಲ್ಲವೆಂದರೆ ಗುಂಡು ಒಂದೇ ಜಾಗಕ್ಕೆ ಬೀಳುವುದಾದರೂ ಹೇಗೆ? ಒದ್ದೆ ಮಾಡಿ ಕಾಳುಕಟ್ಟಿದ ಮದ್ದು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು.

1632ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಮುರಾರಿ ಪಂಡಿತ ಮಲಿಕ್-ಎ-ಮೈದಾನನ್ನು ಪರಂಡಾ ಕೋಟೆಯಿಂದ ವಿಜಯಪುರಕ್ಕೆ ತರಿಸಿದ. ಅದನ್ನು ಎಳೆಯಲು 400 ಎತ್ತು, 10 ಆನೆ ಹೂಡಿದರೆಂದು ಹೇಳುತ್ತಾರೆ. ಪಶ್ಚಿಮದ ಗೋಡೆಯ ಷೇರ್ಜಾ ಬುರುಜು ಅದರ ನೆಲೆ. ಪಕ್ಕದ ನೀರಿನ ತೊಟ್ಟಿಯಲ್ಲಿ ಗೋಲಂದಾಜ ಬತ್ತಿ ಹಚ್ಚಿದೊಡನೆ ಮುಳುಗಿ ಕಿವಿ ಉಳಿಸಿಕೊಳ್ಳುತ್ತಿದ್ದನೆಂಬ ಮಾತು ಊರಲ್ಲಿದೆ. ದಕ್ಷಿಣ ಗೋಡೆಯ ಲಂಡಾ ಕಸಾಬ್ ಕಬ್ಬಿಣದ ತೋಪು, 6.5 ಮೀಟರ್ ಉದ್ದ. ಔರಂಗಜೇಬನ ಮುತ್ತಿಗೆಯಲ್ಲಿ ಮೊಗಲರ ಗುಂಡು ಹೆಚ್ಚು ಬಿದ್ದ ತಾಣಗಳಲ್ಲಿ ಅದರ ಬುರುಜೂ ಒಂದು. 1686ರ ಸೆಪ್ಟೆಂಬರಿನಲ್ಲಿ ಊರು ಸೋತಿತು. ಆ ಗೆಲುವಿನ ಶಾಸನವನ್ನು ಔರಂಗಜೇಬ ಮಲಿಕ್-ಎ-ಮೈದಾನಿನ ಮೇಲೆಯೇ ಕೆತ್ತಿಸಿದ. 1854ರಲ್ಲಿ ಹಳೆಯ ತೋಪುಗಳನ್ನು ಹರಾಜಿಗಿಟ್ಟಾಗ ಅದಕ್ಕೆ ಬಂದ ಕೂಗು 150 ರೂಪಾಯಿ. ಅಷ್ಟು ಅಗ್ಗಕ್ಕೆ ಕೊಡಲು ಒಪ್ಪದ ಅಧಿಕಾರಿಯಿಂದಾಗಿ ತೋಪು ಕರಗದೆ ಉಳಿಯಿತು.

ಗುಂಡಿಗೂ ನಳಿಗೆಗೂ ನಡುವಿನ ಸಂದಿನ ತೊಡಕು ಬಗೆಹರಿದದ್ದು ಯುರೋಪಿನಲ್ಲಿ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಗುಂಡಿನ ಓಟವನ್ನು ಲೆಕ್ಕಕ್ಕೆ ತಂದ. 1840ರ ದಶಕದ ಕೊನೆಗೆ ಬಂದ ಮಿನಿಯೆ ಗುಂಡು ಹಾರಿದೊಡನೆ ಹಿಗ್ಗಿ, ಸುರುಳಿ ಗೀರುಗಳುಳ್ಳ ನಳಿಗೆಯನ್ನು ಕಚ್ಚಿ ತಿರುಗುತ್ತ ಹೊರಬರುತ್ತಿತ್ತು. ಹಿತ್ತಾಳೆ ತೋಟಾ ಬಂದ ಮೇಲೆ ಬೇಟೆಗಾರರು ಖಾಲಿ ತೋಟಾಗಳನ್ನು ಎತ್ತಿಟ್ಟುಕೊಂಡು, ಪ್ರತಿಯೊಂದಕ್ಕೂ ಮದ್ದನ್ನು ತೂಗಿ, ತಮ್ಮ ರೈಫಲ್ಲಿಗೆ ಒಗ್ಗುವ ಗುಂಡನ್ನು ಕೂರಿಸಿಕೊಳ್ಳತೊಡಗಿದರು. ಸಮ ಅಳತೆಯ ಮದ್ದು, ಬಿಗಿಯಾಗಿ ಕೂರುವ ಗುಂಡು: ಬುರುಜಿನ ಮೇಲಿನ ಗೋಲಂದಾಜನಿಗೆ ಬೇಕಾಗಿದ್ದುದೂ ಇವೇ.

ವಿಜಯಪುರದ ಸುತ್ತಿನ ತಿಕೋಟಾ, ಬಬಲೇಶ್ವರ ಸೀಮೆಯ ಡೋಣಿ ಹೊಳೆಯ ದಂಡೆಯ ಎರೆ ಹೊಲಗಳು ಮರದ ಮರೆಯಿಲ್ಲದ ಬಟಾಬಯಲು. ಇಂಥ ನೆಲದಲ್ಲಿ ಚಿಗರಿ (ಕೃಷ್ಣಮೃಗ) ದೂರದಿಂದಲೇ ಆಳನ್ನು ಕಾಣುತ್ತದೆ; ಬತ್ತಿ ಬಂದೂಕಿನ ಅಳತೆಗೆ ಅದು ಸಿಗುವುದು ಅಪರೂಪ. ದಖ್ಖನಿನ ದರಬಾರುಗಳಲ್ಲಿ ಪಳಗಿಸಿದ ಚೀತಾ ಬಿಟ್ಟು ಚಿಗರಿ ಹಿಡಿಸುವ ರೂಢಿಗೆ ಇದೂ ಒಂದು ಕಾರಣ. ರೈಫಲ್ ಆ ದೂರವನ್ನು ಅಳಿಸಿಹಾಕಿತು. ಬಯಲಿನ ಪ್ರಾಣಿಗಳಿಗೆ ಅದರಿಂದಾದ ಹಾನಿ ದೊಡ್ಡದು. ಈಗ ತೋಟಾ ತುಂಬಿಕೊಳ್ಳುವುದಕ್ಕೂ ಬೇಟೆಗೂ ಕಾನೂನಿನ ತಡೆಯಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಿ ಅದರ ಬೇಟೆಯನ್ನು ನಿಷೇಧಿಸಿದೆ.