ಕಾರಣವೂ ನೆವವೂ

ಕೃತ್ಯವೊಂದನ್ನೆಸಗಿದ ಮನುಷ್ಯನು ಅದಕ್ಕೆ ಕಾರಣ ಹೇಳದೆ ಇರಲಾರನು. ಆದರೆ ಹೇಳಿದುದೆಲ್ಲವೂ ಕಾರಣವಲ್ಲ. ಎಷ್ಟೋ ವೇಳೆ ಅದು ಬರಿಯ ನೆವ. ಇವೆರಡರ ಅಂತರವನ್ನರಿಯಲು ವಾರನ್ ಹೇಸ್ಟಿಂಗ್ಸನ ವಿಚಾರಣೆ ಒಂದು ಉತ್ತಮ ನಿದರ್ಶನ.

ಹೇಸ್ಟಿಂಗ್ಸನು 1785ರವರೆಗೆ ಬಂಗಾಳದ ಗವರ್ನರ್ ಜನರಲ್ ಆಗಿದ್ದನು. 1778ರಲ್ಲಿ ಫ್ರೆಂಚರೊಡನೆ ಯುದ್ಧವೊದಗಲು, ಕಾಶಿಯ ರಾಜ ಚೇತಸಿಂಗನಿಂದ ಗೊತ್ತಾದ ಕಪ್ಪವಲ್ಲದೆ 5 ಲಕ್ಷ ರೂಪಾಯಿಗಳನ್ನು ಬೇಡಿದನು. ಬೇಡಿಕೆ ಮರುವರ್ಷವೂ ನಿಲ್ಲಲಿಲ್ಲ. 1781ರಲ್ಲಿ ರಾಜನನ್ನು ಆತನ ಊರಿನಲ್ಲಿಯೇ ಬಂಧಿಸಲಾಗಿ, ಜನ ದಂಗೆಯೆದ್ದರು; ಕಡೆಗೆ ರಾಜನು ರಾಜ್ಯವನ್ನೇ ಕಳೆದುಕೊಂಡನು. ಅಯೋಧ್ಯಾ ಪ್ರಾಂತದ ಬೇಗಮರ ಭಂಡಾರವೂ ಬಲಾತ್ಕಾರದಿಂದ ಕಂಪನಿಯ ವಶವಾಯಿತು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ 1788ರ ಫೆಬ್ರವರಿ 13ರಂದು ವಿಚಾರಣೆ ಮೊದಲಾಯಿತು. ಹೇಸ್ಟಿಂಗ್ಸನ ಸಮರ್ಥನೆಯಲ್ಲಿ ಮುಖ್ಯವಾಗಿ ಮೂರು ಮಾತುಗಳಿದ್ದವು: ಯುದ್ಧಕಾಲದ ಅನಿವಾರ್ಯತೆ, ಹಣವು ಕಂಪನಿಯ ಕಾರ್ಯಕ್ಕೇ ವಿನಿಯೋಗವಾಯಿತೆಂಬುದು, ನಿರಂಕುಶಾಧಿಕಾರವು ಈ ದೇಶದ ರೂಢಿಯೇ ಎಂಬುದು. ಆಪಾದಕನಾದ ಎಡ್ಮಂಡ್ ಬರ್ಕನು ಮೂರನೆಯ ಮಾತನ್ನು ಬಲವಾಗಿ ಖಂಡಿಸಿದನು. ಹಿಂದೂಗಳಲ್ಲಿಯೂ ಮುಸಲ್ಮಾನರಲ್ಲಿಯೂ ಅರಸನನ್ನು ಕಟ್ಟುವ ಧರ್ಮಶಾಸ್ತ್ರಗಳುಂಟು. ಕಡಲು ದಾಟಿದ ಮಾತ್ರಕ್ಕೆ ನೀತಿಯು ಬದಲಾಗದು ಎಂಬುದು ಅವನ ವಾದದ ಸಾರ.

ಬರ್ಕನೂ ನಿರ್ದೋಷಿಯಲ್ಲ. ನಂದಕುಮಾರನನ್ನು ಹೇಸ್ಟಿಂಗ್ಸನೇ ಕೊಲ್ಲಿಸಿದನೆಂದು ಮಿತಿಮೀರಿ ನುಡಿದುದಕ್ಕಾಗಿ 1789ರಲ್ಲಿ ಕಾಮನ್ಸ್ ಸಭೆಯು ಅವನನ್ನು ಆಕ್ಷೇಪಿಸಿತು. ಆಪಾದಿಸುವವನ ನಾಲಗೆಯೂ ಲೆಕ್ಕ ಒಪ್ಪಿಸಬೇಕಲ್ಲವೆ?

ಏಳು ವರ್ಷಗಳು ಕಳೆದ ಮೇಲೆ, 1795ರ ಏಪ್ರಿಲ್ 23ರಂದು, ಹೇಸ್ಟಿಂಗ್ಸನು ಎಲ್ಲ ಆಪಾದನೆಗಳಿಂದಲೂ ಮುಕ್ತನಾದನು. ಕಂಪನಿಯು ಅವನಿಗೆ ವರ್ಷಕ್ಕೆ 4,000 ಪೌಂಡುಗಳ ವೇತನವನ್ನು ಗೊತ್ತುಮಾಡಿತು. 1813ರಲ್ಲಿ ಅವನು ಸಾಕ್ಷ್ಯ ನುಡಿಯಲು ಬಂದಾಗ, ಕಾಮನ್ಸ್ ಸಭೆಯ ಸದಸ್ಯರು ಎದ್ದು ನಿಂತು ಗೌರವ ಸಲ್ಲಿಸಿದರು.

ತೀರ್ಪು ಮನುಷ್ಯನನ್ನು ಬಿಡಿಸಿತು. ಅವನು ಹೇಳಿದ ಕಾರಣಗಳು ಅದರಿಂದಲೇ ಶುದ್ಧವಾದವೆ? ಆ ಸಭಾಂಗಣದಲ್ಲಿ ಚೇತಸಿಂಗನಾಗಲಿ ಬೇಗಮರಾಗಲಿ ಇರಲಿಲ್ಲ. ಸಮರ್ಥನೆಯನ್ನು ಕೇಳಿದವರು ಬೇರೆ. ಕೃತ್ಯದ ಭಾರವನ್ನು ಹೊತ್ತವರು ಬೇರೆ.

ಆ ಮೂರು ಮಾತುಗಳು ನಮಗೂ ಅಪರಿಚಿತವಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರಿಂದ ಹಣ ಪಡೆಯುವಾಗ, ಆಳಿಗೆ ಕೂಲಿ ಕಡಿಮೆ ಕೊಡುವಾಗ ನಾವು ಆಡುವುದೇನು? “ಅನಿವಾರ್ಯವಾಗಿತ್ತು”, “ನನಗಾಗಿ ಅಲ್ಲ, ಮನೆತನಕ್ಕಾಗಿ”, “ಹಿಂದಿನಿಂದ ನಡೆದುಬಂದದ್ದು”. ನಮ್ಮವರೆದುರಿನಲ್ಲಿ ಇವು ಸುಲಭವಾಗಿ ಸಲ್ಲುತ್ತವೆ. ನೊಂದವನ ಮುಖವನ್ನು ನೋಡಿ ಅದೇ ಮಾತನ್ನಾಡಲು ಸಾಧ್ಯವಾದರೆ ಅದು ಕಾರಣ; ಅಲ್ಲಿ ತಲೆ ತಗ್ಗಿದರೆ ಅದು ನೆವ. ಈ ವಿಚಾರಣೆಯನ್ನು ನಡೆಸಲು ನ್ಯಾಯಪೀಠ ಬೇಕಿಲ್ಲ, ಅಂತರಂಗವೇ ಸಾಕು.